ಮಂಡ್ಯದ ಅಕ್ಕಿ ಗಿರಣಿಯಲ್ಲಿ ಎಂ.ಆರ್. ಡ್ಯಾಂಪರ್: ಬಳಕೆದಾರರ ವಿಮರ್ಶೆ

ಮಂಡ್ಯದ ಹೊರವಲಯದಲ್ಲಿರುವ ನಮ್ಮ ಅಕ್ಕಿ ಗಿರಣಿಯಲ್ಲಿ ದೊಡ್ಡ ಬ್ಲೋವರ್ ನಿಂತಿರುವುದು ಉಕ್ಕಿನ ಅಟ್ಟಣೆಯ ಮೇಲೆ. ಸ್ಪ್ರಿಂಗುಗಳ ಮೇಲೆ ಕೂರಿಸಿದ್ದರಿಂದ ನಿಮಿಷಕ್ಕೆ 1440 ಸುತ್ತಿನ ಪೂರ್ಣ ವೇಗದಲ್ಲಿ ಅದು ಹೆಚ್ಚು ತೊಂದರೆ ಕೊಡುತ್ತಿರಲಿಲ್ಲ. ಆದರೆ ಚಾಲೂ ಮಾಡುವಾಗಲೂ ನಿಲ್ಲಿಸುವಾಗಲೂ ವೇಗ ಸುಮಾರು 300 ಸುತ್ತುಗಳ ಆಸುಪಾಸಿಗೆ ಬಂದೊಡನೆ ಅನುರಣನ (ಯಂತ್ರದ ಕಂಪನ ಸ್ಪ್ರಿಂಗುಗಳ ಸಹಜ ಕಂಪನಕ್ಕೆ ಹೊಂದಿಕೊಂಡು ಅಲುಗಾಟ ಹೆಚ್ಚುವುದು) ಉಂಟಾಗಿ ಇಡೀ ಅಟ್ಟಣೆ ನಡುಗುತ್ತಿತ್ತು, ಬೋಲ್ಟುಗಳು ಸಡಿಲವಾಗುತ್ತಿದ್ದವು. ಇದಕ್ಕೆ ಕಂಪನ ತಗ್ಗಿಸುವ ಸಾಮಾನ್ಯ ಎಣ್ಣೆ ಡ್ಯಾಂಪರ್ ಹಾಕಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಅನುರಣನದ ವೇಗದಲ್ಲಿ ಅದು ನೆರವಾಗುತ್ತದೆ, ನಿಜ. ಆದರೆ ಯಂತ್ರದ ಕಂಪನಾಂಕ ಸ್ಪ್ರಿಂಗ್ ವ್ಯವಸ್ಥೆಯ ಸಹಜ ಕಂಪನಾಂಕದ ಸುಮಾರು 1.4 ಪಟ್ಟನ್ನು ದಾಟಿದ ಮೇಲೆ ಅದೇ ಡ್ಯಾಂಪರ್ ಕಂಪನವನ್ನು ಅಟ್ಟಣೆಗೆ ಇನ್ನಷ್ಟು ರವಾನಿಸುತ್ತದೆ. ಆರಂಭದಲ್ಲಿ ಬಿಗಿಯಾಗಿರಬೇಕು, ಆಮೇಲೆ ಸಡಿಲವಾಗಬೇಕು. ನಮಗೆ ಬೇಕಾಗಿದ್ದುದು ಅಂಥ ಸಾಧನ.

ಎಂ.ಆರ್. (ಮ್ಯಾಗ್ನೆಟೋರಿಯಾಲಾಜಿಕಲ್) ಡ್ಯಾಂಪರ್ ಮಾಡುವುದು ಇದನ್ನೇ. ಒಳಗಿನ ಎಣ್ಣೆಯಲ್ಲಿ ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಕಣಗಳಿರುತ್ತವೆ. ತಂತಿ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಉಂಟಾಗುವ ಕಾಂತಕ್ಷೇತ್ರದಿಂದ ಅವು ಸರಪಳಿಗಟ್ಟಿ, ಕಣ್ಣೆವೆ ಇಕ್ಕುವಷ್ಟರಲ್ಲಿ ಎಣ್ಣೆ ಗಟ್ಟಿಯಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಜೇಕಬ್ ರಾಬಿನೋ ತೋರಿಸಿಕೊಟ್ಟ ಈ ತತ್ತ್ವವನ್ನು ಚೀನಾದ ಡೊಂಗ್ಟಿಂಗ್ ಸರೋವರದ ಸೇತುವೆಯ ಕೇಬಲ್‌ಗಳು ಮಳೆಗಾಳಿಗೆ ತೊನೆಯದಂತೆ ತಡೆಯಲೂ ಬಳಸಲಾಗಿದೆ. ನಮ್ಮಲ್ಲಿ ವೇಗದ ಸೆನ್ಸರ್ ಕೊಡುವ ಸೂಚನೆಯಂತೆ ಕಂಟ್ರೋಲರ್ ವಿದ್ಯುತ್ತನ್ನು ಹೆಚ್ಚಿಸಿ ತಗ್ಗಿಸುತ್ತದೆ. ಚಾಲೂ ಮಾಡುವಾಗಿನ ನಡುಕ ಈಗ ಅಟ್ಟಣೆಯ ಕಂಬಿಯನ್ನು ಹಿಡಿದು ನಿಂತರೆ ಮಾತ್ರ ತಿಳಿಯುವಷ್ಟಿದೆ. ಈ ಮಟ್ಟಿಗೆ ನನಗೆ ಪೂರ್ಣ ತೃಪ್ತಿಯಿದೆ.

ಕೊರತೆ ಇರುವುದು ಕರೆಂಟು ಹೋದಾಗ. ವಿದ್ಯುತ್ ನಿಂತರೂ ಇದು ಸಾಮಾನ್ಯ ಡ್ಯಾಂಪರ್‌ನಂತೆ ಸುರಕ್ಷಿತವಾಗಿ ಉಳಿಯುತ್ತದೆ ಎಂದು ಮಾರಾಟಗಾರರು ಹೇಳಿದ್ದರು, ಅದು ಸುಳ್ಳಲ್ಲ. ಆದರೆ ಕರೆಂಟು ಹೋದ ಬ್ಲೋವರ್ ನಿಧಾನವಾಗಿ ನಿಲ್ಲುತ್ತಾ ಅದೇ 300 ಸುತ್ತುಗಳನ್ನು ಹಾದುಹೋಗುವಾಗಲೇ ಡ್ಯಾಂಪರ್ ಮೆತ್ತಗಾಗಿರುತ್ತದೆ, ಹಾಗಾಗಿ ಹಳೆಯ ನಡುಕ ಮರಳುತ್ತದೆ. 12 ವೋಲ್ಟಿನ ವ್ಯವಸ್ಥೆಯಾದ್ದರಿಂದ ಇದನ್ನು ತಡೆಯಲು ವಾಹನದ ಬ್ಯಾಟರಿಯೊಂದು ಸಾಕು. ಆದರೆ ಸೆನ್ಸರ್ ಮತ್ತು ಕಂಟ್ರೋಲರ್‌ಗಳಿಗೂ ಅದರಿಂದಲೇ ವಿದ್ಯುತ್ ಸಿಗಬೇಕು. ಊರಿನ ಕರೆಂಟಿನ ಸ್ಥಿತಿ ಬಲ್ಲ ಮಾರಾಟಗಾರರು ಇದನ್ನು ಮೊದಲೇ ಜೋಡಿಸಿ ಕೊಡಬೇಕಿತ್ತು.

ಹೊಟ್ಟಿನ ದೂಳು ಪಿಸ್ಟನ್ ದಂಡಕ್ಕೆ ಅಂಟಿ ಸೀಲನ್ನು ಸವೆಸುವ ಭಯವಿರುವುದರಿಂದ ರಬ್ಬರ್ ಹೊದಿಕೆ ಕಡ್ಡಾಯ. ಗಿರಣಿ ಬಹುಕಾಲ ನಿಂತಿದ್ದರೆ ಕಣಗಳು ತಳಕ್ಕೆ ಇಳಿಯಬಹುದು, ಮೊದಲು ಕೆಲವು ಬಾರಿ ಪಿಸ್ಟನ್ ಆಡಿಸುವುದು ಒಳ್ಳೆಯದು. ಹಗಲಿರುಳು ಒಂದೇ ವೇಗದಲ್ಲಿ ಓಡುವ ಯಂತ್ರವುಳ್ಳವರಿಗೆ ಇದು ಅನಗತ್ಯ ವೆಚ್ಚ, ಒಳ್ಳೆಯ ಸ್ಪ್ರಿಂಗುಗಳೇ ಸಾಕು. ಮೇಲಿಂದ ಮೇಲೆ ನಿಲ್ಲಿಸಿ ಚಾಲೂ ಮಾಡುವವರು ಕೊಳ್ಳಬಹುದು, ಆದರೆ ಕಂಟ್ರೋಲರ್‌ನ ಪಾಸ್‌ವರ್ಡ್ ತಮಗೂ ಕೊಡಬೇಕೆಂಬ ಷರತ್ತನ್ನು ಹಣ ಪಾವತಿಗೆ ಮುನ್ನವೇ ಬರೆಸಿಕೊಳ್ಳಲಿ. ನಮ್ಮಲ್ಲಿ ಅದು ಇಲ್ಲದ್ದರಿಂದ ವೇಗದ ಮಿತಿಯನ್ನು ಸ್ವಲ್ಪ ಬದಲಿಸಲೂ ಬೆಂಗಳೂರಿನಿಂದ ತಂತ್ರಜ್ಞ ಬರಬೇಕಾಗುತ್ತದೆ.