ಒಂದು 3090 ಅಥವಾ ಎರಡು 3060: ತೋಟದ ನಡುವಿನ ಮನೆಗಳ ರೆಂಡರಿಂಗ್‌ಗೆ ಯಾವುದು ಸರಿ?

ಕೊಡಗಿನಲ್ಲಿ ಹೋಂಸ್ಟೇಗಳು ಹೆಚ್ಚಿದಂತೆ, ಕೊಡವ ಕುಟುಂಬಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳ ದುರಸ್ತಿಗೆ ಜನ ಮನಸ್ಸು ಮಾಡಿದಂತೆ, ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ತೋರಿಸುವ ತ್ರೀಡಿ ಚಿತ್ರಗಳಿಗೂ ಬೇಡಿಕೆ ಬಂದಿದೆ. ಕಂಪ್ಯೂಟರಿನೊಳಗೆ ಕಟ್ಟಿದ ಸೀನಿನಿಂದ, ಅಂದರೆ ಮನೆ, ಮರ, ಬೆಳಕುಗಳ ಮಾದರಿಯಿಂದ, ಅಂಥ ಚಿತ್ರ ತೆಗೆಯುವುದನ್ನೇ ರೆಂಡರಿಂಗ್ ಎನ್ನುತ್ತಾರೆ. ಮಡಿಕೇರಿಯಲ್ಲಿ ಈ ಕೆಲಸ ಮಾಡುವ ನನಗೆ, ಒಂದು ಬಲವಾದ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಳ್ಳುವುದು ಲೇಸೋ ಅಗ್ಗದ ಎರಡನ್ನು ಜೋಡಿಸಿಕೊಳ್ಳುವುದು ಲೇಸೋ ಎಂಬುದನ್ನು ಅಂಗಡಿಯವರ ಮಾತಿನ ಮೇಲೆ ಬಿಡುವಂತಿರಲಿಲ್ಲ. ಹಾಗಾಗಿ ಎರಡು ಏರ್ಪಾಡನ್ನೂ ಒಂದೇ ಕಂಪ್ಯೂಟರಿನಲ್ಲಿ, ನನ್ನವೇ ಸೀನುಗಳನ್ನು ಇಟ್ಟುಕೊಂಡು ಓಡಿಸಿ ನೋಡಿದೆ. ನಮ್ಮ ಕೆಲಸ ಹೋಳಾಗುವಂಥದ್ದೇ, ಒಂದೊಂದು ಹೋಳೂ ಒಂದೇ ಕಾರ್ಡಿನ ಮೆಮೊರಿಯಲ್ಲಿ ಹಿಡಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆಯ ಬಹುಪಾಲು ಮುಗಿದಂತೆ ಎಂಬುದು ಈ ಪ್ರಯೋಗದಿಂದ ನನಗೆ ಖಚಿತವಾಯಿತು.

ಹೋಲಿಕೆಗೆ ತೆಗೆದುಕೊಂಡದ್ದು ಎನ್‌ವಿಡಿಯಾದ ಒಂದೇ ತಲೆಮಾರಿನ ಕಾರ್ಡುಗಳನ್ನು. ಒಂದು ಕಡೆ 2020ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಟಿಎಕ್ಸ್ 3090, ಇನ್ನೊಂದು ಕಡೆ 2021ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯ ಎರಡು ಕಾರ್ಡುಗಳು. ಕಾಗದದ ಮೇಲೆ ಇವು ಬಹುತೇಕ ಸಮಬಲದವುಗಳಂತೆ ಕಾಣುತ್ತವೆ: 3090ರಲ್ಲಿ 24 ಜಿಬಿ ಮೆಮೊರಿಯಿದ್ದು ಅದು 350 ವ್ಯಾಟ್ ಬೇಡುತ್ತದೆ, ಎರಡು 3060 ಸೇರಿದರೆ ಮೆಮೊರಿ ಅಷ್ಟೇ ಆಗಿ ವಿದ್ಯುತ್ತು 340 ವ್ಯಾಟ್ ಆಗುತ್ತದೆ. ಲೆಕ್ಕ ಮಾಡುವ ಸಣ್ಣ ಘಟಕಗಳಾದ ಕುಡಾ ಕೋರುಗಳು ಮಾತ್ರ ಒಂದರಲ್ಲಿ 10,496, ಎರಡು ಸೇರಿ 7,168. ಬಿಡುಗಡೆಯ ಬೆಲೆ 3090ಕ್ಕೆ 1,499 ಡಾಲರ್ ಇದ್ದರೆ 3060 ಒಂದಕ್ಕೆ 329 ಡಾಲರ್ ಇತ್ತು. ಅಂದರೆ ಜೋಡಿ ಕೊಂಡರೂ ದೊಡ್ಡದರ ಅರ್ಧ ಬೆಲೆ ಆಗುತ್ತಿರಲಿಲ್ಲ. ಇಷ್ಟನ್ನೇ ನೋಡಿದವರು ಕಣ್ಣು ಮುಚ್ಚಿ ಎರಡನ್ನು ಕೊಳ್ಳುತ್ತಾರೆ.

ಆದರೆ 12ಕ್ಕೆ 12 ಸೇರಿಸಿದರೆ ಇಲ್ಲಿ 24 ಆಗುವುದಿಲ್ಲ. ತ್ರೀಡಿ ತಂತ್ರಾಂಶವಾದ ಬ್ಲೆಂಡರ್‌ನ ರೆಂಡರಿಂಗ್ ಭಾಗ ಸೈಕಲ್ಸ್‌ನಲ್ಲಿ ರೆಂಡರ್ ಮಾಡುವಾಗ ಪ್ರತಿಯೊಂದು ಕಾರ್ಡೂ ಇಡೀ ಸೀನನ್ನು ತನ್ನದೇ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಎರಡು ಕಾರ್ಡುಗಳ ಮೆಮೊರಿಯನ್ನು ಹಂಚಿಕೊಳ್ಳಲು ಬಿಡುವ ಎನ್‌ವಿಲಿಂಕ್ ಸಂಪರ್ಕ ಆ ತಲೆಮಾರಿನ ಜೀಫೋರ್ಸ್‌ಗಳಲ್ಲಿ 3090 ವರ್ಗಕ್ಕಷ್ಟೇ ಇತ್ತು, 3060ಕ್ಕೆ ಇರಲಿಲ್ಲ. ಒಳಾಂಗಣದ ಚಿತ್ರಗಳಿಗೆ, ಅಂದರೆ ಒಂದು ಹಜಾರ, ನಾಲ್ಕು ಕುರ್ಚಿ, ಒಂದು ಕಿಟಕಿ ಇರುವ ಸೀನುಗಳಿಗೆ, 12 ಜಿಬಿ ಧಾರಾಳವಾಗಿ ಸಾಕು. ನಮ್ಮಲ್ಲಿ ತೊಂದರೆ ಹುಟ್ಟುವುದು ಮನೆಯ ಹೊರಗೆ. ಕೊಡಗಿನ ಮನೆಯನ್ನು ತೋಟವಿಲ್ಲದೆ ತೋರಿಸಿದರೆ ಯಾವ ಗಿರಾಕಿಯೂ ಒಪ್ಪುವುದಿಲ್ಲ. ಸಿಲ್ವರ್ ಓಕ್ ಬೇಕು, ಹಾಲುವಾಣ ಬೇಕು, ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಬೇಕು, ಮಳೆಗೆ ಪಾಚಿ ಹಿಡಿದ ಹೆಂಚು ಬೇಕು. ಒಂದೇ ಕಾಫಿ ಗಿಡವನ್ನು ಇನ್‌ಸ್ಟನ್ಸ್‌ಗಳಾಗಿ, ಅಂದರೆ ಮೆಮೊರಿಯಲ್ಲಿ ಒಂದೇ ಪ್ರತಿ ಇಟ್ಟು ಮತ್ತೆ ಮತ್ತೆ ತೋರಿಸುವ ನಕಲುಗಳಾಗಿ, ಗುಡ್ಡದ ತುಂಬ ಹರಡಿದರೆ ಮೆಮೊರಿಗೆ ಅಷ್ಟೇನೂ ಭಾರವಾಗುವುದಿಲ್ಲ. ಆದರೆ ಮೆಣಸಿನ ಬಳ್ಳಿಯನ್ನು ಸಹಜವಾಗಿ ಕಾಣಿಸಬೇಕಾದರೆ ಒಂದೊಂದು ಮರಕ್ಕೂ ಬೇರೆಯೇ ಹಬ್ಬಿಸಬೇಕು, ಅಲ್ಲಿ ನಕಲು ನಡೆಯುವುದಿಲ್ಲ. ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳ ಲೆಕ್ಕ ಇನ್ನೂ ಕಠಿಣ: ಅಗಲ ಎತ್ತರ ಎರಡೂ 4,096 ಪಿಕ್ಸೆಲ್ ಇರುವ, ನಾಲ್ಕು ಚಾನಲ್‌ನ ಒಂದು ಸಾಮಾನ್ಯ ಚಿತ್ರ ಡಿಸ್ಕಿನಲ್ಲಿ ಎಷ್ಟೇ ಕುಗ್ಗಿ ಕುಳಿತಿದ್ದರೂ ಕಾರ್ಡಿನ ಮೆಮೊರಿಯಲ್ಲಿ ಬಿಚ್ಚಿಕೊಂಡು 64 ಎಂಬಿ ಜಾಗ ಹಿಡಿಯುತ್ತದೆ, ಒಂದು ಎಲೆಗೋ ಗೋಡೆಗೋ ಅಂಥ ಮೂರು ನಾಲ್ಕು ಚಿತ್ರಗಳು ಬೇಕಾಗುತ್ತವೆ.

ಇಂಥ ಸೀನಿನಲ್ಲಿ ಎರಡು 3060ಗಳು ಒಂದೋ ಮೆಮೊರಿ ಮುಗಿಯಿತು ಎಂದು ನಿಂತವು, ಇಲ್ಲವೇ ಕಂಪ್ಯೂಟರಿನ ರ‍್ಯಾಮನ್ನು ಎರವಲು ಪಡೆದು ತೆವಳಿದವು. ಅದೇ ಫೈಲನ್ನು 3090 ಯಾವ ತಕರಾರೂ ಇಲ್ಲದೆ ಮುಗಿಸಿತು. ಬ್ಲೆಂಡರ್‌ನ ಸಿಂಪ್ಲಿಫೈ ವಿಭಾಗದಲ್ಲಿ ಟೆಕ್ಸ್ಚರ್ ಮಿತಿಯನ್ನು 2,048ಕ್ಕೆ ಇಳಿಸಿದರೆ ಆ ಚಿತ್ರಗಳು ಹಿಡಿಯುವ ಜಾಗ ನಾಲ್ಕನೇ ಒಂದಕ್ಕೆ ಬರುತ್ತದೆ, 3060ಗಳೂ ದಾರಿಗೆ ಬರುತ್ತವೆ. ಆದರೆ ಕ್ಯಾಮೆರಾ ಹತ್ತಿರ ಹೋದಾಗ ಹೆಂಚಿನ ಮೇಲಿನ ಪಾಚಿ ಹಸಿರು ಬಣ್ಣ ಬಳಿದಂತೆ ಕಾಣುತ್ತದೆ, ಮತ್ತು ಈ ಊರಿನ ಜನರ ಕಣ್ಣಿಗೆ ಪಾಚಿಯ ವಿಷಯದಲ್ಲಿ ಮೋಸ ಮಾಡಲಾಗದು.

ಸೀನು 12 ಜಿಬಿಯೊಳಗೆ ಕುಳಿತಾಗ ಮಾತ್ರ ಜೋಡಿಯ ಗುಣ ಎದ್ದು ಕಾಣುತ್ತದೆ. ಒಂದೇ ಚಿತ್ರವನ್ನು ಎರಡು 3060ಗಳಿಗೂ ಹಂಚಿದಾಗ 3090 ಸ್ವಲ್ಪ ಮುಂದೆಯೇ ಇದ್ದಿತಾದರೂ, ಕೋರುಗಳ ಲೆಕ್ಕ ಹೇಳುವಷ್ಟು ಅಂತರ ನನಗೆ ಕಾಣಲಿಲ್ಲ. ಮನೆಯ ಸುತ್ತ ಒಂದು ಸುತ್ತು ಬರುವ ಅನಿಮೇಷನ್‌ಗೆ ಇನ್ನೂ ಒಳ್ಳೆಯ ದಾರಿಯೆಂದರೆ ಬ್ಲೆಂಡರನ್ನು ಎರಡು ಬಾರಿ ತೆರೆದು, ಒಂದೊಂದಕ್ಕೂ ಒಂದೊಂದು ಕಾರ್ಡನ್ನು ಮಾತ್ರ ಕೊಟ್ಟು, ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ಸ್ ಹಾಕಿ, ಎರಡನ್ನೂ ಒಂದೇ ಫೋಲ್ಡರಿಗೆ ಬರೆಯಲು ಬಿಡುವುದು. ಒಂದು ಕೈಗೆತ್ತಿಕೊಂಡ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ. ಪ್ರತಿ ಫ್ರೇಮಿನ ಮೊದಲು ಸೀನನ್ನು ಸಿದ್ಧಪಡಿಸುವ ಹೊತ್ತಿನಲ್ಲಿ ಕಾರ್ಡು ಸುಮ್ಮನೆ ಕುಳಿತಿರುತ್ತದಾದ್ದರಿಂದ, ಹೀಗೆ ಎರಡು ಪ್ರತ್ಯೇಕವಾಗಿ ನಡೆದಾಗ ಒಂದರ ಬಿಡುವಿನಲ್ಲಿ ಇನ್ನೊಂದು ದುಡಿಯುತ್ತದೆ. ಇದಕ್ಕೆ ಕಂಪ್ಯೂಟರಿನ ರ‍್ಯಾಮ್ ಹೆಚ್ಚುಕಡಿಮೆ ಇಮ್ಮಡಿ ಬೇಕಾಗುತ್ತದೆ ಎಂಬುದನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಬೇಕು. ಎರಡನೆಯ ಸ್ಲಾಟು ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಮಾಹಿತಿ ಸಾಗುವ ನಾಲ್ಕು ಲೇನ್‌ಗಳದ್ದಷ್ಟೇ ಆಗಿರುವುದು ರೆಂಡರಿಂಗ್‌ಗೆ ಅಡ್ಡಿಯಲ್ಲ. ಸೀನು ಕಾರ್ಡಿಗೆ ಏರಲು ಕೆಲವು ಕ್ಷಣ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಕಂಪ್ಯೂಟರ್ ಆಟವಾಡುವವರು ಎರಡನೆಯ ಕಾರ್ಡಿನ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಒಂದೇ ಆಟಕ್ಕೆ ಎರಡು ಕಾರ್ಡುಗಳನ್ನು ದುಡಿಸುವ ಎಸ್‌ಎಲ್‌ಐ ವ್ಯವಸ್ಥೆಗೆ ಎನ್‌ವಿಡಿಯಾ 2021ರ ಜನವರಿಯಿಂದ ಹೊಸ ಆಟಗಳ ಪ್ರೊಫೈಲುಗಳನ್ನು ಸೇರಿಸುವುದನ್ನೇ ನಿಲ್ಲಿಸಿತು, ಮತ್ತು 3060ಗೆ ಅದರ ಸೌಲಭ್ಯವೇ ಇಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡನ್ನು ಬಳಸುತ್ತದೆಯಾದ್ದರಿಂದ ಮದುವೆ ವಿಡಿಯೊ ಎಡಿಟ್ ಮಾಡುವವರಿಗೂ ಇದೇ ಮಾತು. ಆದರೆ ಹಿರಿಯರ ಮಾತುಗಳ ಧ್ವನಿಮುದ್ರಣವನ್ನು ವಿಸ್ಪರ್ ಮೂಲಕ ಬರಹಕ್ಕೆ ಇಳಿಸುವವರಿಗೆ ಜೋಡಿಯೇ ಮೇಲು. ಅದರ ದೊಡ್ಡ ಮಾಡೆಲ್ಲು ಸುಮಾರು 10 ಜಿಬಿಯಲ್ಲಿ ಹಿಡಿಯುವುದರಿಂದ ಎರಡು ಕಾರ್ಡುಗಳಲ್ಲಿ ಎರಡು ಫೈಲುಗಳು ಒಟ್ಟಿಗೆ ಸಾಗುತ್ತವೆ.

ಇನ್ನು ಕರೆಂಟಿನ ಮಾತು. ಜೂನ್ ಹಿಡಿದ ಮೇಲೆ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುವುದು, ಗಂಟೆಗಟ್ಟಲೆ ಕತ್ತಲೆಯಾಗುವುದು ಇಲ್ಲಿ ಮಾಮೂಲು. ನಮ್ಮ ಮೇಜುಗಳ ಕೆಳಗಿರುವ 1 ಕೆವಿಎ ಯುಪಿಎಸ್‌ಗಳು ಸಾಮಾನ್ಯವಾಗಿ 600 ವ್ಯಾಟ್ ತಡೆಯುತ್ತವೆ. ಸರಾಸರಿ ಲೆಕ್ಕದಲ್ಲಿ ಎರಡೂ ಏರ್ಪಾಡುಗಳು ಅದರೊಳಗೇ ಇವೆಯಾದರೂ, 3090 ಕ್ಷಣಮಾತ್ರಕ್ಕೆ ತನ್ನ 350 ವ್ಯಾಟ್‌ಗಿಂತ ಬಹಳ ಮೇಲೆ ಜಿಗಿಯುತ್ತದೆ, ಯುಪಿಎಸ್ ಬ್ಯಾಟರಿಯ ಮೇಲಿರುವಾಗ ಆ ಜಿಗಿತ ಓವರ್‌ಲೋಡ್ ಆಗಿ ಎಲ್ಲವೂ ಆರಿಹೋಗುತ್ತದೆ. ಎರಡು ಸಣ್ಣ ಕಾರ್ಡುಗಳು ಒಂದೇ ಕ್ಷಣದಲ್ಲಿ ಒಟ್ಟಿಗೆ ಜಿಗಿಯುವುದು ಅಪರೂಪ, ಜೊತೆಗೆ ಕರೆಂಟ್ ಹೋದೊಡನೆ ಒಂದರ ಕೆಲಸವನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಬಹುದು. 3090ಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ ಎನ್‌ವಿಡಿಯಾದ್ದೇ ಎಸ್‌ಎಂಐ ತಂತ್ರಾಂಶದಿಂದ ಅದರ ಮಿತಿಯನ್ನು 260 ವ್ಯಾಟ್‌ಗೆ ಇಳಿಸಿಡುವುದು; ವೇಗದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಕಳೆದುಕೊಂಡ ವ್ಯಾಟ್‌ಗಳ ಪ್ರಮಾಣದಲ್ಲಿ ಖಂಡಿತ ಅಲ್ಲ.

ಕೆಟ್ಟಾಗ ಏನು ಗತಿ ಎಂಬುದರಲ್ಲಿ ಜೋಡಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ವಾರಂಟಿಯ ಕಾರ್ಡು ಮೈಸೂರಿಗೋ ಬೆಂಗಳೂರಿಗೋ ಹೋಗಿ ವಾಪಸ್ಸಾಗುವಷ್ಟರಲ್ಲಿ ವಾರಗಳೇ ಕಳೆಯುತ್ತವೆ, ಅಷ್ಟೂ ಕಾಲ ಒಂದು 3060 ಅರ್ಧ ವೇಗದಲ್ಲಾದರೂ ಕೆಲಸ ಸಾಗಿಸುತ್ತದೆ. 3090 ಒಂದನ್ನೇ ನಂಬುವವರು ಕೊನೆಯ ಪಕ್ಷ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನು ಆರಿಸಿಕೊಂಡರೆ ಕಂಪ್ಯೂಟರಿನ ಪರದೆಯಾದರೂ ಬೆಳಗುತ್ತದೆ.

ಇಷ್ಟೆಲ್ಲ ತೂಗಿ ನೋಡಿ ನಾನು ಉಳಿಸಿಕೊಂಡದ್ದು 3090ನ್ನು, ತೋಟದ ಸೀನುಗಳೇ ನನ್ನ ಮುಖ್ಯ ದುಡಿಮೆಯಾದ್ದರಿಂದ. ಒಳಾಂಗಣ ವಿನ್ಯಾಸ ಮಾಡುವ ಸ್ನೇಹಿತರಿಗೆ ಮೊದಲು ಒಂದೇ 12 ಜಿಬಿ ಕಾರ್ಡು ಕೊಂಡು, ಕೆಲಸ ಹೆಚ್ಚಿದಾಗ ಎರಡನೆಯದನ್ನು ಸೇರಿಸಿಕೊಳ್ಳಿ ಎಂದೇ ಹೇಳುತ್ತೇನೆ. ಹೊಸದನ್ನೇ ಕೊಳ್ಳುವವರು 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐನ 16 ಜಿಬಿ ಮಾದರಿಯನ್ನು ಗಮನಿಸಬೇಕು. 180 ವ್ಯಾಟ್‌ನಲ್ಲಿ ಅಷ್ಟು ಮೆಮೊರಿ ಸಿಗುವುದರಿಂದ, 12ರಲ್ಲಿ ಹಿಡಿಯದ ಅನೇಕ ಸೀನುಗಳು ಅದರಲ್ಲಿ ಹಿಡಿಯುತ್ತವೆ.

3090 ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್‌ನಲ್ಲಿ, ಮತ್ತು ಗ್ರಾಫಿಕ್ಸ್ ಕಾರ್ಡುಗಳಿಂದ ಕ್ರಿಪ್ಟೊ ನಾಣ್ಯ ಗಳಿಸುವ ಇಥೀರಿಯಂ ಮೈನಿಂಗ್ 2022ರ ಸೆಪ್ಟೆಂಬರಿನಲ್ಲಿ ನಿಂತ ಮೇಲೆ ಅಲ್ಲಿ ಹಗಲಿರುಳು ದುಡಿದ ಕಾರ್ಡುಗಳೂ ಮಾರುಕಟ್ಟೆಗೆ ಬಂದಿವೆ. ಇದರ ಮೆಮೊರಿ ಚಿಪ್ಪುಗಳಲ್ಲಿ ಅರ್ಧ ಬೋರ್ಡಿನ ಹಿಂಬದಿಯಲ್ಲಿದ್ದು, ಫ್ಯಾನಿನ ಗಾಳಿ ನೇರವಾಗಿ ತಾಗದೆ ವಿಪರೀತ ಕಾಯುತ್ತವೆ. ಆದ್ದರಿಂದ ಬೆಂಗಳೂರಿನಲ್ಲಿ ಹಣ ಕೊಡುವ ಮುನ್ನ ಮಾರುವವರ ಕಂಪ್ಯೂಟರಿನಲ್ಲೇ ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಲು ಹೇಳಿ, ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಮೆಮೊರಿ ಜಂಕ್ಷನ್ ಉಷ್ಣಾಂಶವನ್ನು, ಅಂದರೆ ಮೆಮೊರಿ ಚಿಪ್ಪುಗಳೊಳಗಿನ ಬಿಸಿಯನ್ನು, ನೋಡಬೇಕು. ಅದು 110 ಡಿಗ್ರಿ ಮುಟ್ಟಿ ವೇಗ ಕುಸಿಯುತ್ತಿದ್ದರೆ, ಚಿಪ್ಪುಗಳ ಬಿಸಿಯನ್ನು ಸಾಗಿಸುವ ಒಳಗಿನ ಥರ್ಮಲ್ ಪ್ಯಾಡುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪಿದರಷ್ಟೇ ಆ ಕಾರ್ಡನ್ನು ಘಟ್ಟ ಹತ್ತಿಸಬೇಕು.