ಹಳೆ ಲೇತ್‌ಗೆ ವಿಎಫ್‌ಡಿ ಹಾಕುವ ಮುನ್ನ ಡ್ರಮ್ ಸ್ವಿಚ್ ಬಿಚ್ಚಿ

ಒಂದೇ ಲೇತ್‌ನಲ್ಲಿ ಒಂದರ ಹಿಂದೆ ಒಂದು ಎರಡು ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ಮೋಟಾರ್‌ನ ವೇಗ ನಿಯಂತ್ರಿಸುವ ಡ್ರೈವ್) ಸುಟ್ಟವು. ಲೇತ್‌ನ ಮೋಟಾರ್ 3 ಎಚ್‌ಪಿ, ಮೂರು ಫೇಸ್, 415 ವೋಲ್ಟ್. ಮನೆಯ ಶೆಡ್‌ನಲ್ಲಿ ಇದ್ದದ್ದು 230 ವೋಲ್ಟ್ ಸಿಂಗಲ್ ಫೇಸ್. ನಡುವೆ 2.2 ಕಿಲೋವ್ಯಾಟ್ ವಿಎಫ್‌ಡಿ. ಡ್ರೈವ್ ಒಳ್ಳೆಯದೇ, ಮೋಟಾರೂ ಸರಿಯಿತ್ತು. ತಪ್ಪಿದ್ದು ವೈರಿಂಗ್‌ನಲ್ಲಿ: ಲೇತ್‌ನ ಹಳೆ ವೈರಿಂಗ್ ಮುಟ್ಟದೆ, ಮೊದಲು ಮೇನ್ ಬರುತ್ತಿದ್ದ ಜಾಗಕ್ಕೆ ಡ್ರೈವ್‌ನ ಔಟ್‌ಪುಟ್ ತಂದು ಕಟ್ಟಲಾಗಿತ್ತು. ಹಾಗಾಗಿ ಡ್ರೈವ್‌ಗೂ ಮೋಟಾರ್‌ಗೂ ನಡುವೆ ಹಳೆಯ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಕೂಡುವ ದೊಡ್ಡ ಸ್ವಿಚ್), ಹೆಚ್ಚು ಕರೆಂಟ್ ಎಳೆದರೆ ಮೋಟಾರ್ ಕಾಯುವ ಓವರ್‌ಲೋಡ್ ರಿಲೇ, ಹಿಡಿ ತಿರುಗಿಸಿ ದಿಕ್ಕು ಬದಲಿಸುವ ಫಾರ್ವರ್ಡ್-ರಿವರ್ಸ್ ಡ್ರಮ್ ಸ್ವಿಚ್ ಎಲ್ಲವೂ ಉಳಿದುಬಿಟ್ಟವು.

ವಿಎಫ್‌ಡಿಯನ್ನು ಮೂರು ಫೇಸ್ ಕೊಡುವ ಇನ್ನೊಂದು ಪ್ಲಗ್ ಪಾಯಿಂಟ್ ಎಂದುಕೊಂಡರೆ ಆಗುವುದೇ ಇದು. ಮೋಟಾರ್ ಓಡುತ್ತಿರುವಾಗ ಡ್ರಮ್ ಸ್ವಿಚ್ ಆಫ್ ಮಾಡಿದರೆ ವೈಂಡಿಂಗ್‌ನಲ್ಲಿ ಹರಿಯುತ್ತಿದ್ದ ಕರೆಂಟಿನ ದಾರಿ ಒಮ್ಮೆಲೇ ಕಡಿದು, ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರಿ, ಜಿಗಿದ ವೋಲ್ಟೇಜ್ ಡ್ರೈವ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೇಲೆ ಬೀಳುತ್ತದೆ. ಮತ್ತೆ ಹಾಕಿದಾಗ ಇನ್ನೂ ಕೆಟ್ಟದ್ದು. ನಿಂತ ಮೋಟಾರ್‌ಗೆ ಪೂರ್ತಿ 50 ಹರ್ಟ್ಜ್ ಏಕಾಏಕಿ ಸಿಕ್ಕರೆ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಡ್ರೈವ್ ತಾಳುವುದು ಸಾಮಾನ್ಯವಾಗಿ ಒಂದೂವರೆ ಪಟ್ಟು, ಅದೂ ಒಂದು ನಿಮಿಷ. ಓಡುತ್ತಿರುವಾಗಲೇ ಫಾರ್ವರ್ಡ್‌ನಿಂದ ರಿವರ್ಸ್‌ಗೆ ತಳ್ಳಿದರಂತೂ ಕೇಳುವುದೇ ಬೇಡ. ಕೆಲವು ಸಲ ಡ್ರೈವ್ ಓವರ್‌ಕರೆಂಟ್ ಎಂದು ತೋರಿಸಿ ಟ್ರಿಪ್ ಆಗಿ ತನ್ನನ್ನು ಉಳಿಸಿಕೊಳ್ಳುತ್ತದೆ. ಆ ಸೂಚನೆಯನ್ನು ರೀಸೆಟ್ ಒತ್ತಿ ದಾಟಿಸುತ್ತಾ ಹೋದದ್ದರಿಂದಲೇ ಮೊದಲನೆಯದು ಹೋಯಿತು. ಕಾರಣ ಹುಡುಕದೆ ಹೊಸದು ಕೂಡಿಸಿದ್ದರಿಂದ ಎರಡನೆಯದು.

ಸರಿಯಾದ ಕ್ರಮ: ಡ್ರೈವ್‌ನ ಯು, ವಿ, ಡಬ್ಲ್ಯು ಟರ್ಮಿನಲ್‌ಗಳಿಂದ ಶೀಲ್ಡ್ ಇರುವ ಕೇಬಲ್ ನೇರ ಮೋಟಾರ್‌ನ ಟರ್ಮಿನಲ್ ಬಾಕ್ಸ್‌ಗೆ. ನಡುವೆ ಏನೂ ಬೇಡ. ಫಾರ್ವರ್ಡ್, ರಿವರ್ಸ್, ಸ್ಟಾಪ್ ಎಲ್ಲವೂ ಡ್ರೈವ್‌ನ ಕಂಟ್ರೋಲ್ ಟರ್ಮಿನಲ್‌ಗಳ ಮೂಲಕ. ಲೇತ್‌ನ ಹಿಡಿ ಕೈಗೆ ಒಗ್ಗಿದ್ದರೆ ಅದನ್ನು ಬಿಡಬೇಕಿಲ್ಲ, ಕಂಟ್ರೋಲ್ ಸಿಗ್ನಲ್‌ಗೆ ಬಳಸಬಹುದು. ಆದರೆ ದೊಡ್ಡ ಕರೆಂಟಿಗೆಂದು ಮಾಡಿದ ಹಳೆ ಕಾಂಟ್ಯಾಕ್ಟ್‌ಗಳಲ್ಲಿ 24 ವೋಲ್ಟ್‌ನ ಸಣ್ಣ ಕರೆಂಟ್ ಸಾಗುವುದು ಅನುಮಾನ. ಹಿಡಿಯ ಅಡಿಗೆ ಎರಡು ಮೈಕ್ರೋಸ್ವಿಚ್ ಕೂರಿಸುವುದೇ ಭರವಸೆಯ ದಾರಿ.

ಇಲ್ಲೊಂದು ಅಪಾಯ ಅಡಗಿದೆ, ದಯವಿಟ್ಟು ಗಮನಿಸಿ. ಹಳೆಯ ಕಾಂಟ್ಯಾಕ್ಟರ್ ಇದ್ದಾಗ ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತಿತ್ತು, ಕರೆಂಟ್ ಬಂದರೂ ಸ್ಟಾರ್ಟ್ ಒತ್ತುವ ತನಕ ಲೇತ್ ತಿರುಗುತ್ತಿರಲಿಲ್ಲ. ಈಗ ಹಾಗಲ್ಲ: ಹಿಡಿ ಫಾರ್ವರ್ಡ್‌ನಲ್ಲೇ ಇದ್ದರೆ ಕರೆಂಟ್ ಬಂದ ತಕ್ಷಣ ಡ್ರೈವ್ ತಾನೇ ಮೋಟಾರ್ ಓಡಿಸಬಹುದು, ನಿಮ್ಮ ಕೈ ಚಕ್ (ಕೆಲಸದ ತುಂಡು ಹಿಡಿದು ತಿರುಗುವ ಭಾಗ) ಮೇಲಿದ್ದರೂ. ಸ್ಟಾರ್ಟ್ ಒತ್ತಿದರೆ ಮಾತ್ರ ಓಡುವ ಪುಶ್ ಬಟನ್‌ಗಳ ತ್ರೀ-ವೈರ್ ಕಂಟ್ರೋಲ್ ಹಾಕಿ, ಇಲ್ಲವೇ ಪವರ್ ಬಂದಾಗ ರನ್ ಸಿಗ್ನಲ್ ಇದ್ದರೂ ಓಡಬಾರದು ಎನ್ನುವ ಪ್ಯಾರಾಮೀಟರ್ ಆನ್ ಮಾಡಿ. ಬೇಕೆಂದೇ ಕರೆಂಟ್ ಆಫ್ ಮಾಡಿ, ಮತ್ತೆ ಆನ್ ಮಾಡಿ ಪರೀಕ್ಷಿಸಿದ ಮೇಲೆಯೇ ಕೆಲಸ ಶುರು ಮಾಡಿ. ಎಮರ್ಜೆನ್ಸಿ ಸ್ಟಾಪ್ ಡ್ರೈವ್‌ನ ಎಸ್‌ಟಿಒ (ಸೇಫ್ ಟಾರ್ಕ್ ಆಫ್, ಮೋಟಾರ್‌ಗೆ ಬಲ ಸಿಗದಂತೆ ತಡೆಯುವ) ಟರ್ಮಿನಲ್‌ಗೆ ಹೋಗಲಿ. ಅದಿಲ್ಲದಿದ್ದರೆ ಇನ್‌ಪುಟ್ ಬದಿಯ ಕಾಂಟ್ಯಾಕ್ಟರ್‌ಗೆ. ಆ ಕಾಂಟ್ಯಾಕ್ಟರ್‌ನಿಂದ ದಿನವಿಡೀ ಲೇತ್ ನಿಲ್ಲಿಸಿ ಓಡಿಸಬೇಡಿ, ಡ್ರೈವ್‌ನ ಚಾರ್ಜಿಂಗ್ ಸರ್ಕ್ಯೂಟ್ ಸೋಲುತ್ತದೆ.

ಇನ್ನು ಮೋಟಾರ್. ಸಿಂಗಲ್ ಫೇಸ್ 230 ವೋಲ್ಟ್ ತಿನ್ನುವ ಸಾಮಾನ್ಯ ಡ್ರೈವ್ ಹೊರಗೆ ಕೊಡುವುದೂ 230 ವೋಲ್ಟೇ. 415 ವೋಲ್ಟ್‌ಗೆ ಸ್ಟಾರ್‌ನಲ್ಲಿರುವ (ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೆಡೆ ಕೂಡಿಸಿದ) ಮೋಟಾರನ್ನು ಹಾಗೇ ಕೂಡಿಸಿದರೆ ಪ್ರತಿ ವೈಂಡಿಂಗ್‌ಗೆ ಸುಮಾರು 133 ವೋಲ್ಟ್ ಮಾತ್ರ ಸಿಕ್ಕಿ ಟಾರ್ಕ್ ಮೂರನೇ ಒಂದಕ್ಕೆ ಇಳಿಯುತ್ತದೆ. ಖಾಲಿ ಚೆನ್ನಾಗಿ ತಿರುಗುತ್ತದೆ, ಕಟ್ ಕೊಟ್ಟೊಡನೆ ಕೂರುತ್ತದೆ. ಡೆಲ್ಟಾಗೆ (ಮೂರು ವೈಂಡಿಂಗ್‌ಗಳನ್ನು ತ್ರಿಕೋನದಂತೆ ತುದಿಗೆ ತುದಿ ಜೋಡಿಸುವುದು) ಬದಲಿಸಬೇಕು: ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2. ಹಳೆಯ ಮೋಟಾರ್‌ಗಳಲ್ಲಿ ಎಷ್ಟೋ ಸಲ ಮೂರೇ ವೈರ್ ಹೊರಗೆ ಬಂದಿರುತ್ತವೆ, ಸ್ಟಾರ್ ಜಾಯಿಂಟ್ ವೈಂಡಿಂಗ್ ಒಳಗೆ ಕಟ್ಟಿ ವಾರ್ನಿಷ್ ಹೊಡೆದಿರುತ್ತದೆ. ಅದನ್ನು ಹುಡುಕಿ ಬಿಡಿಸಿ ಆರು ವೈರ್ ಹೊರತೆಗೆಯುವುದು ರೀವೈಂಡಿಂಗ್ ಮಾಡುವವರ ಕೆಲಸ. ಒಂದು ವೈಂಡಿಂಗ್ ತಲೆಕೆಳಗಾದರೂ ಮೋಟಾರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ನೇಮ್‌ಪ್ಲೇಟ್‌ನಲ್ಲಿ 415 ವೋಲ್ಟ್ ಡೆಲ್ಟಾ ಎಂದೇ ಇದ್ದರೆ ಈ ಉಪಾಯ ನಡೆಯದು. ಹಾಗೆಯೇ ವೈಂಡಿಂಗ್‌ನ ಇನ್ಸುಲೇಶನ್ ಮೆಗ್ಗರ್‌ನಲ್ಲಿ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ನೋಡುವಾಗ ಡ್ರೈವ್ ಪೂರ್ತಿ ಬಿಡಿಸಿರಲಿ. 500 ವೋಲ್ಟ್ ಮೆಗ್ಗರ್ ಡ್ರೈವ್‌ಗೆ ತಾಗಿದರೆ ಡ್ರೈವ್ ಹೋಯಿತೆಂದೇ ಲೆಕ್ಕ.

ಇನ್‌ಪುಟ್ ಕರೆಂಟ್ ಕಡಿಮೆ ಅಂದಾಜು ಮಾಡಬೇಡಿ. ಡೆಲ್ಟಾದಲ್ಲಿ ಈ ಮೋಟಾರ್ ಫೇಸಿಗೆ ಸುಮಾರು 8.5 ಆಂಪಿಯರ್ ಎಳೆದರೆ, ಸಿಂಗಲ್ ಫೇಸ್ ಬದಿಯಲ್ಲಿ ಅದು 20 ಆಂಪಿಯರ್ ದಾಟಬಹುದು. 16 ಆಂಪಿಯರ್ ಸಾಕೆಟ್ ಬಿಸಿಯಾಗಿ ಕರಗುತ್ತದೆ. ಬೋರ್ಡ್‌ನಿಂದ ಪ್ರತ್ಯೇಕ 4 ಚದರ ಮಿಲಿಮೀಟರ್ ತಾಮ್ರದ ವೈರ್, ಡ್ರೈವ್‌ನ ಕೈಪಿಡಿ ಹೇಳಿದ ಎಂಸಿಬಿ, ಗಟ್ಟಿ ಅರ್ಥಿಂಗ್. ಡ್ರೈವ್‌ನ ಫಿಲ್ಟರ್‌ನಿಂದ ಅರ್ಥ್‌ಗೆ ಸ್ವಲ್ಪ ಲೀಕೇಜ್ ಇದ್ದೇ ಇರುತ್ತದೆ. ಆರ್‌ಸಿಸಿಬಿ (ಲೀಕೇಜ್ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆಂದು ಅರ್ಥ್ ಬಿಚ್ಚುವವರಿದ್ದಾರೆ. ಅದು ಸಾವಿಗೆ ದಾರಿ. ಕೈಪಿಡಿ ಹೇಳಿದ ಬಗೆಯ ಆರ್‌ಸಿಸಿಬಿ ಹಾಕಿ.

ಹಳೆಯ 415 ವೋಲ್ಟ್ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್, ಕೂಲೆಂಟ್ ಪಂಪ್ ಎರಡನ್ನೂ ಡ್ರೈವ್ ಔಟ್‌ಪುಟ್‌ಗೆ ಸಿಕ್ಕಿಸಬೇಡಿ. ಪಂಪ್‌ಗೆ ಬೇರೆ ಸಿಂಗಲ್ ಫೇಸ್ ಮೋಟಾರೇ ಸುಲಭ.

ಪ್ಯಾರಾಮೀಟರ್‌ಗಳಲ್ಲಿ ಮೋಟಾರ್ ಕರೆಂಟನ್ನು ಡೆಲ್ಟಾದ ಲೆಕ್ಕದಲ್ಲಿ, ಬೇಸ್ ಫ್ರೀಕ್ವೆನ್ಸಿ 50, ವೋಲ್ಟೇಜ್ 230 ಎಂದು ಕೊಡಿ. ಹಳೆ ಓವರ್‌ಲೋಡ್ ರಿಲೇ ತೆಗೆದ ಮೇಲೆ ಮೋಟಾರ್ ಕಾಯುವುದು ಆ ಕರೆಂಟ್ ಅಂಕಿಯೇ. ನಿಲ್ಲುವ ಸಮಯ 5 ಸೆಕೆಂಡ್‌ನಿಂದ ಶುರು ಮಾಡಿ. ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂರುವ ಲೇತ್ ಆದರೆ ಗಕ್ಕನೆ ಬ್ರೇಕ್ ಹಾಕಿದಾಗ, ಅಥವಾ ರಿವರ್ಸ್ ಕೊಟ್ಟಾಗ, ಚಕ್ ಬಿಚ್ಚಿಕೊಂಡು ಬೆಡ್ ಮೇಲೆ ಬೀಳಬಹುದು. 20 ಹರ್ಟ್ಜ್‌ಗಿಂತ ಕೆಳಗೆ ಮೋಟಾರ್‌ನ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ಮೋಟಾರ್ ಬಿಸಿ ಏರುತ್ತದೆ. ಭಾರಿ ಕಟ್‌ಗೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಬ್ಯಾಕ್ ಗೇರೇ ಬೇಕು.

ಡ್ರೈವನ್ನು ಲೋಹದ ಚೂರು, ಕೂಲೆಂಟ್ ಹಾರದ ಮುಚ್ಚಿದ ಬಾಕ್ಸ್‌ನಲ್ಲಿ ಗೋಡೆಗೆ ಕೂರಿಸಿ, ಬಿಸಿ ಹೋಗಲು ಜಾಗ ಬಿಡಿ. ವೈರ್ ಮುಟ್ಟುವ ಮೊದಲು ಮೇನ್ ತೆಗೆದು ಕನಿಷ್ಠ ಹತ್ತು ನಿಮಿಷ ಕಾಯಿರಿ. ಒಳಗಿನ ಕೆಪಾಸಿಟರ್‌ಗಳಲ್ಲಿ 325 ವೋಲ್ಟ್ ಡಿಸಿ ಉಳಿದಿರುತ್ತದೆ, ಡಿಸ್‌ಪ್ಲೇ ಆರಿದ ಮೇಲೂ. ಡಿಸಿ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟು ಸೊನ್ನೆಯ ಹತ್ತಿರ ಬಂದಿದೆಯೆಂದು ಕಣ್ಣಾರೆ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.