ಮುಂದಿನ ಗಾಜು ಬದಲಾಯಿಸುವ ಮುನ್ನ ಕಿಲೋಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ

ತುಮಕೂರು, ಗುಬ್ಬಿ, ಶಿರಾ, ಮಧುಗಿರಿ ಕಡೆಯಲ್ಲಿ ರಸ್ತೆ ನೋಡಿ ತಾನೇ ಬ್ರೇಕು ಹಿಡಿಯುವ ಕ್ಯಾಮೆರಾ ಇರುವ ಹೊಸ ಕಾರು ಇಟ್ಟುಕೊಂಡವರು ಮುಂದಿನ ಗಾಜು ಬದಲಾಯಿಸಲು ಬಿಡುವ ಮೊದಲು ದಯವಿಟ್ಟು ಇದನ್ನು ಓದಬೇಕು. ಮಾಡದ ಕೆಲಸಕ್ಕೆ 7,670 ರೂಪಾಯಿ ಕೊಟ್ಟು, ಥ್ಯಾಂಕ್ಸ್ ಹೇಳಿ, ಕೆಲಸ ಹೇಗಿತ್ತೆಂದು ಕಂಪನಿಯಿಂದ ಫೋನಿನಲ್ಲಿ ಕೇಳಿದವರಿಗೆ ಹತ್ತಕ್ಕೆ ಹತ್ತು ಅಂಕವನ್ನೂ ಕೊಟ್ಟವನು ನಾನು. ಹಣದ ಸಂಕಟ ಹಾಗಿರಲಿ, ಆ ಮಾಡದ ಕೆಲಸದಿಂದಾಗಿ ನಾನೂ ನನ್ನ ಹೆಂಡತಿಯೂ ಹೆದ್ದಾರಿಯಲ್ಲಿ ಲಾರಿಯ ಚಕ್ರಕ್ಕೆ ಸಿಗುವುದರಲ್ಲಿದ್ದೆವು ಎಂಬುದು ಇವತ್ತಿಗೂ ನನಗೆ ನಿದ್ದೆ ಕೊಡುತ್ತಿಲ್ಲ. ನಾಚಿಕೆಯ ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಮಸೂರ, ಕೋನ, ದೂರ ಎಂದು ಇಪ್ಪತ್ತಾರು ವರ್ಷಗಳಿಂದ ಹಲಗೆಯ ಮೇಲೆ ಬರೆಯುತ್ತಾ ಬಂದವನು.

ಕಾರು ಕೊಳ್ಳಲು ಹೋದಾಗ ನಮ್ಮ ಮನಸ್ಸಿನಲ್ಲಿದ್ದದ್ದು ಮಧ್ಯದ ಮಾದರಿ. ಅದರಲ್ಲಿ ಆರು ಏರ್‌ಬ್ಯಾಗು, ಜೋರಾಗಿ ಬ್ರೇಕು ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್, ತಿರುವಿನಲ್ಲಿ ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಎಲ್ಲವೂ ಇದ್ದವು. ಎಬಿಎಸ್ ಅಂತೂ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗು, ಹಿಂದಿನ ಪಾರ್ಕಿಂಗ್ ಸೆನ್ಸರ್, 80 ದಾಟಿದರೆ ಕೂಗುವ ವೇಗದ ಎಚ್ಚರಿಕೆ ಕೂಡ ಕಡ್ಡಾಯವಾದವು. ಇಷ್ಟಿದ್ದರೆ ಸಾಕು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋದವರನ್ನು ಷೋರೂಮಿನ ಹುಡುಗ ಅರ್ಧ ಗಂಟೆಯಲ್ಲಿ ಬದಲಾಯಿಸಿಬಿಟ್ಟ. "ಫ್ಯಾಮಿಲಿ ಸೇಫ್ಟಿ ವಿಷಯದಲ್ಲಿ ದುಡ್ಡು ನೋಡ್ಬಾರ್ದು ಸರ್. ಅಡಾಸ್ ಇಲ್ದೆ ಇರೋ ಗಾಡಿ ಈಗ ಯಾರೂ ತಗೊಳ್ಳಲ್ಲ. ಫೈವ್ ಸ್ಟಾರ್ ಬರೋದೇ ಅದರಿಂದ" ಎಂದ. ಅಡಾಸ್ ಎಂದರೆ ರಸ್ತೆಯನ್ನು ನೋಡಿ ತಾನೇ ಬ್ರೇಕು ಹಿಡಿಯುವ, ಕಾರನ್ನು ಗೆರೆಯೊಳಗೆ ಇಡುವ ವ್ಯವಸ್ಥೆ. ಫೈವ್ ಸ್ಟಾರ್ ಬರುವುದು ಅದರಿಂದ ಎಂಬುದು ಶುದ್ಧ ಸುಳ್ಳು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ, ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್‌ನಲ್ಲಿ ನಕ್ಷತ್ರಗಳು ಬರುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗವನ್ನು ಗುದ್ದಿಸುವ, ಪಕ್ಕದಿಂದ ಗುದ್ದಿಸುವ ಪರೀಕ್ಷೆಗಳಿಂದ. ಮೂರು ಅಥವಾ ಅದಕ್ಕಿಂತ ಹೆಚ್ಚು ನಕ್ಷತ್ರ ಪಡೆಯಲು ಬೇಕಾಗುವ ಇಎಸ್‌ಸಿ ನಾನು ಕೇಳಿದ್ದ ಮಾದರಿಯಲ್ಲೇ ಇತ್ತು. ಇದನ್ನು ಓದಿಕೊಂಡದ್ದು ಆಮೇಲೆ. ಆಗ ಓದಿರಲಿಲ್ಲ. ಕ್ಯಾತ್ಸಂದ್ರದ ಟೋಲ್ ದಾಟಿಸಿ, ಬಿಳಿ ಗೆರೆಗಳು ಹೊಳೆಯುವ ಹೆದ್ದಾರಿಯಲ್ಲಿ ಭಾನುವಾರ ಬೆಳಿಗ್ಗೆ ಓಡಿಸಿ ತೋರಿಸಿದಾಗ, ಸ್ಟೀರಿಂಗು ತಾನಾಗಿ ತುಸು ತಿರುಗಿ ಗೆರೆಯೊಳಗೆ ನಿಂತದ್ದನ್ನು ಕಂಡು ನಾನೇ ಮಗುವಿನಂತೆ ಬೆರಗಾದೆ. ಮೇಲಿನ ಮಾದರಿಗೆ 1,60,000 ರೂಪಾಯಿ ಹೆಚ್ಚು ಕೊಟ್ಟೆವು.

ಒಂದೂವರೆ ವರ್ಷ ತೊಂದರೆಯಿರಲಿಲ್ಲ. ಒಮ್ಮೆ ಬಟವಾಡಿಯ ಬಳಿ ಪಕ್ಕದ ರಸ್ತೆಯಿಂದ ನೋಡದೆ ನುಗ್ಗಿದ ಸ್ಕೂಟರಿಗೆ ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ಬ್ರೇಕು ಹಿಡಿದದ್ದೂ ಉಂಟು. ಅದನ್ನು ಮುಚ್ಚಿಟ್ಟು ಬರೆದರೆ ನನ್ನ ದೂರಿಗೆ ಬೆಲೆ ಇರುವುದಿಲ್ಲ.

ಶಿರಾ ರಸ್ತೆಯಲ್ಲಿ ಟಿಪ್ಪರಿನಿಂದ ಸಿಡಿದ ಜಲ್ಲಿಯೊಂದು ಮುಂದಿನ ಗಾಜಿಗೆ ಬಿತ್ತು. ಎಂಟಾಣೆ ಅಗಲದ ಬಿರುಕು ವಾರದೊಳಗೆ ಈ ತುದಿಯಿಂದ ಆ ತುದಿಗೆ ಹರಿಯಿತು. ಗಾಜಿನ ವೆಚ್ಚ ವಿಮೆಯಲ್ಲಿ ಬಂತು. ಕಡ್ಡಾಯವಾಗಿ ನಾವೇ ಕೊಡಬೇಕಾದ ಒಂದು ಸಾವಿರವೂ, ಮುಂದಿನ ವರ್ಷ ಸಿಗಬೇಕಾಗಿದ್ದ ನೋ ಕ್ಲೈಮ್ ಬೋನಸ್ಸೂ ಹೋದವು. ಇದು ಎಲ್ಲರಿಗೂ ಆಗುವುದೇ. ಸರ್ವಿಸ್ ಅಡ್ವೈಸರ್ ಕೊಟ್ಟ ಅಂದಾಜು ಪಟ್ಟಿಯ ಕೊನೆಯಲ್ಲಿ "ಅಡಾಸ್ ಕ್ಯಾಲಿಬ್ರೇಷನ್ 6,500" ಎಂದಿತ್ತು, ಅಂದರೆ ಕ್ಯಾಮೆರಾವನ್ನು ಮತ್ತೆ ಸರಿಯಾಗಿ ಹೊಂದಿಸುವ ಕೆಲಸಕ್ಕೆ; ಅದರ ಮೇಲೆ 18% ತೆರಿಗೆ. ವಿಮೆಯ ಸರ್ವೇಯರ್ ಅದನ್ನು ಒಪ್ಪಲಿಲ್ಲವಾದ್ದರಿಂದ ನಾನೇ ಕೊಡಬೇಕಾಯಿತು. ನಾನು ಚೌಕಾಸಿಯನ್ನೂ ಮಾಡಲಿಲ್ಲ, ಏಕೆಂದರೆ ಆ ಕೆಲಸ ಏಕೆ ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕಾರಿನಲ್ಲಿ ಗೆರೆ ನೋಡುವುದು, ಮುಂದಿನ ವಾಹನದ ದೂರ ಅಳೆಯುವುದು, ಬ್ರೇಕು ಹಿಡಿಯುವುದು ಎಲ್ಲವೂ ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುವ ಒಂದೇ ಕ್ಯಾಮೆರಾದ ಮೇಲೆ ನಿಂತಿದೆ. ಗಾಜು ಬದಲಾದಾಗ ಅದು ಒಂದು ಡಿಗ್ರಿ ವಾರೆಯಾಗಿ ಕುಳಿತರೂ 50 ಮೀಟರ್ ದೂರದಲ್ಲಿ ಅದು 87 ಸೆಂಟಿಮೀಟರ್ ಪಕ್ಕಕ್ಕೆ ನೋಡುತ್ತದೆ. ಹೆದ್ದಾರಿಯ ಒಂದು ಪಥದ ಅಗಲ ಮೂರೂವರೆ ಮೀಟರ್; ಅದರ ಕಾಲು ಭಾಗ ತಪ್ಪಿತೆಂದು ಅರ್ಥ. ಈ ಲೆಕ್ಕವನ್ನು ಅಡ್ವೈಸರ್‌ಗೆ ನಾನೇ ಕಾಗದದ ಮೇಲೆ ಬರೆದು ವಿವರಿಸಿದೆ. ಅವನು ತಲೆಯಾಡಿಸುತ್ತಾ, "ಸೂಪರ್ ಸರ್, ನಮ್ಮ ಟ್ರೈನಿಂಗಲ್ಲೂ ಹಿಂಗೆ ಹೇಳ್ಲಿಲ್ಲ" ಎಂದ. ಆ ಹೊಗಳಿಕೆಗೆ ನಾನು ಉಬ್ಬಿದೆ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಸಂಜೆ ಐದೂವರೆಗೆ ಕಾರು ಕೊಟ್ಟರು. "ಕ್ಯಾಲಿಬ್ರೇಷನ್ ಮಾಡಿದ್ದೀರಾ?" ಎಂದು ಕೇಳಿದೆ. "ಪರ್ಫೆಕ್ಟ್ ಆಗಿ ಆಗಿದೆ ಸರ್" ಎಂದ. ಕೆಲಸ ತೃಪ್ತಿಕರ ಎಂದಿದ್ದ ಹಾಳೆಗೆ ಸಹಿ ಹಾಕಿದೆ. ಓದಿಯೇ ಹಾಕಿದೆ, ಆದರೂ ಹಾಕಿದೆ.

ಮರುದಿನದಿಂದಲೇ ಸ್ಟೀರಿಂಗು ಎಡಕ್ಕೆ ಎಳೆಯುವಂತೆ ಅನಿಸುತ್ತಿತ್ತು. ವೀಲ್ ಅಲೈನ್‌ಮೆಂಟ್ ಇರಬೇಕೆಂದು ಸುಮ್ಮನಾದೆ. ಮೂರನೆಯ ದಿನ ಬೆಂಗಳೂರಿಗೆ ಹೊರಟೆವು. ದಾಬಸ್‌ಪೇಟೆಗೆ ಸ್ವಲ್ಪ ಮೊದಲು, 80ರ ವೇಗದಲ್ಲಿ, ಎಡ ಪಥದಲ್ಲಿ ತೆಂಗಿನ ನಾರು ತುಂಬಿದ ಲಾರಿಯೊಂದು ಹೋಗುತ್ತಿತ್ತು. ನನ್ನ ಪಥದಲ್ಲಿ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಎದುರಿನ ಪರದೆಯಲ್ಲಿ ಕೆಂಪು ಚಿಹ್ನೆ ಬಂದು, ಕಿವಿ ಕಿತ್ತುಹೋಗುವಂತೆ ಕೂಗಿ, ಕಾರು ತಾನಾಗಿ ಬ್ರೇಕು ಹಾಕಿತು. 80ರ ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಹಿಂದಿನಿಂದ ಬರುತ್ತಿದ್ದ ಲಾರಿಯವನು ಬಲಕ್ಕೆ ತಿರುಗಿಸಿಕೊಂಡು, ನಮ್ಮ ಕನ್ನಡಿಯಿಂದ ಗೇಣು ದೂರದಲ್ಲಿ ಉಳಿದುಕೊಂಡ. ಮುಂದೆ ಹೋಗಿ ಲಾರಿ ನಿಲ್ಲಿಸಿ, ಇಳಿದು ಬಂದು, "ಓಡ್ಸೋಕೆ ಬರ್ದಿದ್ರೆ ಬಸ್ಸಲ್ಲಿ ಹೋಗ್ರಿ ಸ್ವಾಮಿ, ನಮ್ಗೂ ಹೆಂಡ್ರು ಮಕ್ಕಳಿದ್ದಾರೆ" ಎಂದು ಬೈದ. ಬ್ರೇಕು ಹಿಡಿದದ್ದು ನಾನಲ್ಲ, ಕಾರು ಎಂದು ಅವನಿಗೆ ಹೇಗೆ ಹೇಳುವುದು? ಕೈಮುಗಿದು ಸುಮ್ಮನಿದ್ದೆ. ಹೆಂಡತಿ ನೆಲಮಂಗಲದವರೆಗೂ ಮಾತಾಡಲಿಲ್ಲ.

ವರ್ಕ್‌ಷಾಪಿಗೆ ಫೋನು ಮಾಡಿದಾಗ ಬಂದ ಮೊದಲ ಉತ್ತರ: "ಅದು ಫಾಲ್ಟ್ ಅಲ್ಲ ಸರ್, ಅದು ಫೀಚರ್. ಗಾಡಿ ನಿಮ್ಮನ್ನ ಸೇವ್ ಮಾಡಿದೆ."

ಯಾರಿಂದ ಉಳಿಸಿತು ಎಂದು ಕೇಳಿದರೆ ಉತ್ತರವಿಲ್ಲ. ಹಿಂದಿರುಗಿದ ದಿನವೇ ವರ್ಕ್‌ಷಾಪಿಗೆ ನೇರವಾಗಿ ಹೋದೆ. ಈ ಕೆಲಸವನ್ನು ಎರಡು ರೀತಿಯಲ್ಲಿ ಮಾಡುತ್ತಾರೆಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಒಂದು, ಸಮತಟ್ಟಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಅಳತೆ ಹಿಡಿದ ದೂರದಲ್ಲಿ ಚೌಕುಳಿ ಗುರುತಿನ ಬೋರ್ಡನ್ನು ಇಟ್ಟು ಕ್ಯಾಮೆರಾಕ್ಕೆ ತೋರಿಸುವುದು. ಇನ್ನೊಂದು, ಸ್ಕ್ಯಾನರ್ ಜೋಡಿಸಿಕೊಂಡು ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುವುದು. ಕೆಲವು ಕಾರುಗಳಿಗೆ ಎರಡೂ ಬೇಕು. ನೀವು ಯಾವುದನ್ನು ಮಾಡಿದಿರಿ ಎಂದು ಅಡ್ವೈಸರ್‌ನನ್ನು ಕೇಳಿದೆ.

"ಬೋರ್ಡ್ ಇಟ್ಟು ಮಾಡಿದ್ದೀವಿ ಸರ್."

ಬೋರ್ಡು ತೋರಿಸಿ ಎಂದೆ. ಒಳಗೆ ಹೋದವನು ಹತ್ತು ನಿಮಿಷ ಬಿಟ್ಟು ಬಂದು, "ಅದು ಬೆಂಗಳೂರಿಂದ ಬಂದಿತ್ತು ಸರ್, ವಾಪಸ್ ಹೋಗಿದೆ" ಎಂದ. ಯಾವತ್ತು ಬಂತು, ಯಾರು ತಂದರು ಎಂದರೆ, "ಸಾರಿ ಸರ್, ನಿಮ್ಮ ಗಾಡಿಗೆ ರೋಡಲ್ಲಿ ಓಡಿಸಿ ಮಾಡಿದ್ದು, ನಂಗೆ ಕನ್‌ಫ್ಯೂಸ್ ಆಯ್ತು" ಎಂದ.

ಆಗ ನಾನು ಜಾಬ್ ಕಾರ್ಡನ್ನೂ ಗೇಟ್ ಪಾಸನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆ. ಕಾರು ಒಳಗೆ ಹೋಗುವಾಗಿನ ರೀಡಿಂಗ್ 18,412. ಹೊರಗೆ ಬರುವಾಗಿನ ರೀಡಿಂಗ್ 18,412. ಒಂದು ಕಿಲೋಮೀಟರೂ ಓಡದ ಕಾರನ್ನು ಯಾವ ರಸ್ತೆಯಲ್ಲಿ ಓಡಿಸಿದಿರಿ? ಮೂರು ದಿನ ಆ ಎರಡು ಕಾಗದಗಳು ನನ್ನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇದ್ದವು; ಮಕ್ಕಳ ಪ್ರಯೋಗದ ಪುಸ್ತಕದಲ್ಲಿ ಕದ್ದು ಬರೆದ ಅಂಕಿಯನ್ನು ದೂರದಿಂದಲೇ ಹಿಡಿಯುವ ನಾನು ಇದನ್ನು ನೋಡಿರಲಿಲ್ಲ. ಮೋಸ ಹೋದೆ ಎಂಬುದು ಮನಸ್ಸಿಗೆ ಪೂರ್ತಿಯಾಗಿ ಇಳಿದದ್ದು ಆ ಎರಡು ಒಂದೇ ಸಂಖ್ಯೆಗಳನ್ನು ನೋಡುತ್ತಾ ಕುಳಿತಾಗ.

ಮ್ಯಾನೇಜರ್ ಬಂದರು. ಚಹಾ ತರಿಸಿದರು. ಗೇಟಿನವನು ರೀಡಿಂಗ್ ತಪ್ಪು ಬರೆದಿರಬಹುದು ಎಂದರು. ನಮ್ಮ ಕಡೆಯ ರಸ್ತೆಗಳಲ್ಲಿ ಗೆರೆ ಸರಿಯಿಲ್ಲ ಎಂದರು. ಕ್ಯಾಮೆರಾ ಓಡುತ್ತಾ ಓಡುತ್ತಾ ತಾನೇ ಸರಿಹೋಗುತ್ತದೆ ಎಂದರು. ತಾನೇ ಸರಿಹೋಗುವುದಾದರೆ 6,500 ಯಾತಕ್ಕೆ ಎಂದು ಕೇಳಿದಾಗ ಬಂದ ಮಾತನ್ನು ಅಕ್ಷರಶಃ ಬರೆಯುತ್ತಿದ್ದೇನೆ: "ಸರ್, ನಿಮಗೆ ಅಷ್ಟು ತೊಂದರೆ ಅನ್ಸಿದ್ರೆ ಆಫ್ ಮಾಡ್ಕೊಂಡ್ಬಿಡಿ. ನಮ್ಮ ಮುಕ್ಕಾಲು ಕಸ್ಟಮರ್ಸ್ ಆಫೇ ಮಾಡ್ಕೊಂಡಿರ್ತಾರೆ."

ಆಫ್ ಮಾಡಿಕೊಳ್ಳಬೇಕಂತೆ! ಇದೇ ಕಟ್ಟಡದ ಮುಂಭಾಗದಲ್ಲಿ, ಇದೇ ಬಾಗಿಲಿನ ಆಚೆ, ಇದಿಲ್ಲದಿದ್ದರೆ ಮನೆಯವರ ಜೀವದ ಮೇಲೆ ನಿಮಗೆ ಕಾಳಜಿಯಿಲ್ಲ ಎಂಬಂತೆ ಮಾತಾಡಿ ಒಂದು ಲಕ್ಷದ ಅರವತ್ತು ಸಾವಿರ ತೆಗೆದುಕೊಂಡವರು, ಹಿಂಭಾಗದಲ್ಲಿ ಅದನ್ನು ಆಫ್ ಮಾಡಿಕೊಳ್ಳಿ ಎನ್ನುತ್ತಾರೆ. ಮಾರುವಾಗ ಅಗತ್ಯ, ರಿಪೇರಿಗೆ ಬಂದಾಗ ಅನಗತ್ಯ. ಚಹಾ ಕುಡಿಯದೆ ಎದ್ದು ಬಂದೆ.

ಕೊನೆಗೆ ಬೆಂಗಳೂರಿನ ಬೇರೊಂದು ವರ್ಕ್‌ಷಾಪಿನಲ್ಲಿ ಹುಡುಗನೊಬ್ಬ ಸ್ಕ್ಯಾನರ್ ಜೋಡಿಸಿ ಕ್ಯಾಮೆರಾದ ದಾಖಲೆ ತೆರೆದ. ಕಾರ್ಖಾನೆಯಲ್ಲಿ ಹೊಂದಿಸಿದ ದಿನಾಂಕದ ಹೊರತು ಬೇರೆ ದಿನಾಂಕವೇ ಅದರಲ್ಲಿರಲಿಲ್ಲ. ಅವನು ಮೊದಲು ಟೈರುಗಳ ಗಾಳಿ ನೋಡಿದ, ಡಿಕ್ಕಿಯಲ್ಲಿದ್ದ ತೆಂಗಿನಕಾಯಿ ಚೀಲವನ್ನು ಇಳಿಸಿದ (ಹಿಂದೆ ಭಾರವಿದ್ದರೆ ಮೂತಿ ಮೇಲೇಳುತ್ತದೆ, ಕ್ಯಾಮೆರಾ ಆಕಾಶ ನೋಡುತ್ತದೆ ಎಂದು ಅವನೇ ಹೇಳಿದ), ಟೇಪು ಹಿಡಿದು ಬೋರ್ಡಿನ ದೂರ ಅಳೆದ, ಆಮೇಲೆ ರಸ್ತೆಗೆ ಒಯ್ದ. ಎರಡೂವರೆ ಗಂಟೆಯ ಕೆಲಸ, ರೀಡಿಂಗಿನಲ್ಲಿ 27 ಕಿಲೋಮೀಟರ್ ಹೆಚ್ಚಾಗಿತ್ತು. ಮುಗಿದ ಮೇಲೆ ಅಚ್ಚಾದ ವರದಿ ಕೈಗಿಟ್ಟ. ಮಾಡಿದ ಕೆಲಸ ಹೀಗಿರುತ್ತದೆ.

ಈಗ ಇಂಥ ತಂತ್ರಜ್ಞಾನ ಬೇಕೇ ಎಂದು ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳುತ್ತಾರೆ, ಕೆಲವರು ನಗಲು ಕೇಳುತ್ತಾರೆ. ಎಬಿಎಸ್, ಇಎಸ್‌ಸಿ, ಏರ್‌ಬ್ಯಾಗು ಬೇಕು; ಅವು ರಸ್ತೆಯ ಗೆರೆಯನ್ನೂ ಕೇಳುವುದಿಲ್ಲ, ಗಾಜು ಬದಲಾಯಿಸಿದವನ ಪ್ರಾಮಾಣಿಕತೆಯನ್ನೂ ಕೇಳುವುದಿಲ್ಲ. ಕ್ಯಾಮೆರಾ ಎರಡನ್ನೂ ಕೇಳುತ್ತದೆ. ನಮ್ಮ ಹಳ್ಳಿಗಳ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ, ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವಾಗ ಅದಕ್ಕೆ ಗೆರೆ ಎಲ್ಲಿ ಕಾಣಬೇಕು? ಬಣ್ಣವಿಲ್ಲದ ಹಂಪು, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರು, ಎದುರು ದಿಕ್ಕಿನಿಂದ ಬರುವ ಬೈಕು, ಇವನ್ನು ನೋಡಿಕೊಳ್ಳಬೇಕಾದವನು ಚಾಲಕನೇ. "ಲೆವೆಲ್ 2, ಗಾಡಿ ತಾನೇ ಓಡುತ್ತೆ" ಎಂದಿದ್ದನಲ್ಲ ಆ ಷೋರೂಮಿನ ಹುಡುಗ, ಸೊನ್ನೆಯಿಂದ ಐದರವರೆಗಿನ ಆ ಶ್ರೇಣಿಯಲ್ಲಿ ಎರಡು ಎಂದರೆ ಪೂರ್ತಿ ಹೊಣೆ ಚಾಲಕನದೇ ಎಂದು ಕೈಪಿಡಿಯಲ್ಲೇ ಅಚ್ಚಾಗಿದೆ.

ಆದ್ದರಿಂದ ಕೊಳ್ಳುವ ಮೊದಲೇ ಷೋರೂಮಿನ ಹಿಂಭಾಗಕ್ಕೆ ಹೋಗಿ, ಕ್ಯಾಲಿಬ್ರೇಷನ್ ಬೋರ್ಡು ನಿಮ್ಮ ಊರಿನಲ್ಲೇ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಮಧ್ಯದ ಮಾದರಿಯನ್ನೇ ಕೊಳ್ಳಿ. ಗಾಜು ಬದಲಾಯಿಸಿದರೆ ಒಳಹೋಗುವಾಗ, ಹೊರಬರುವಾಗ ರೀಡಿಂಗಿನ ಫೋಟೋ ತೆಗೆಯಿರಿ, ಅಚ್ಚಾದ ವರದಿ ಕೈಗೆ ಬರದೆ ಹಣವನ್ನೂ ಕೊಡಬೇಡಿ, ಸಹಿಯನ್ನೂ ಹಾಕಬೇಡಿ. ನಗುಮುಖದ ಅಡ್ವೈಸರ್‌ಗೆ ಪಾಠ ಮಾಡಲು ಹೋಗಬೇಡಿ.

ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಕಾಲಾವಕಾಶವಿದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಕಾಗದಪತ್ರ ಜೋಡಿಸಿಕೊಳ್ಳುತ್ತಿದ್ದೇನೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ನೋಟಿಸಿಗೆ ಅವರಿಂದ ಲಿಖಿತ ಉತ್ತರ ಬಂದಿಲ್ಲ. ಹೋದ ಶುಕ್ರವಾರ ಮಾತ್ರ ಅದೇ ಅಡ್ವೈಸರ್ ಫೋನು ಮಾಡಿ, ವಿಷಯವನ್ನು ದೊಡ್ಡದು ಮಾಡಬೇಡಿ ಸರ್, ಒಂದು ವಾಟರ್ ವಾಷ್ ಫ್ರೀಯಾಗಿ ಮಾಡಿಸಿಕೊಡುತ್ತೇನೆ, ಆಮೇಲೆ ಕಂಪನಿಯಿಂದ ಫೋನು ಬಂದರೆ ಈ ಸಲವೂ ಹತ್ತಕ್ಕೆ ಹತ್ತು ಕೊಡಿ ಎಂದು ಕೇಳಿದ.